ಹಳೆಯದು ಬೇರೆ, ಬಳಕೆ ತಪ್ಪಿದ್ದು ಬೇರೆ

ಲಿನಕ್ಸ್ ತಿರುಳು ಹಳೆಯ ಯಂತ್ರಗಳನ್ನು ಬೀಳ್ಕೊಡುವ ಬಗೆ: ಒಂದು ಪಾಠ
– ಕನ್ನಡ ಶಿಕ್ಷಕಿ, ಬಿ.ಎ., ಬಿ.ಎಡ್.



ಈ ಪಾಠ ಹುಟ್ಟಿದ್ದು ಒಂದು ಪ್ರಶ್ನೆಯಿಂದ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಒಂದು ದಿನ ಒಂಬತ್ತನೇ ತರಗತಿಯ ಕನ್ನಡ ಅವಧಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಆಬ್ಸೊಲೀಟ್ ಅಂದ್ರೆ ಕನ್ನಡದಲ್ಲಿ ಏನು?" ಎಂದು ಕೇಳಿದ. ಅವನಿಗೆ ಕಂಪ್ಯೂಟರ್ ಎಂದರೆ ಪ್ರಾಣ. ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯಿಂದ 486 ಎಂಬ ಪ್ರಾಸೆಸರಿನ ಬೆಂಬಲವನ್ನು ತೆಗೆಯುವ ಸುದ್ದಿಯನ್ನು ಅವನು ಎಲ್ಲೋ ಓದಿದ್ದನಂತೆ. ನಾನು ಯೋಚಿಸದೆ, "ಹಳೆಯದು ಅಂತ ಬರಿ" ಎಂದೆ.

ಅವನು ಕುಳಿತುಕೊಳ್ಳಲಿಲ್ಲ. "ಹಳೆಯದು ಅಂದ್ರೆ ಓಲ್ಡ್ ಅಲ್ವಾ ಮಿಸ್? ನಮ್ಮ ಅಜ್ಜಿ ಓಲ್ಡ್. ಆದ್ರೆ ಆಬ್ಸೊಲೀಟ್ ಅಲ್ಲ."

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಉತ್ತರ ನನಗೆ ಗೊತ್ತಿರಲಿಲ್ಲ. "ನಾಳೆ ಹೇಳುತ್ತೇನೆ" ಎಂದು ಹೇಳಿ ತಪ್ಪಿಸಿಕೊಂಡೆ. ಆ ನಾಳೆ ಬರಲು ಒಂದು ತಿಂಗಳು ಹಿಡಿಯಿತು! ನಮ್ಮ ಶಾಲೆಯ ಕಂಪ್ಯೂಟರ್ ಶಿಕ್ಷಕರ ನೆರವಿನಿಂದ ನಾನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಕಂಪ್ಯೂಟರ್ ಓದದವರಿಗೂ ಅರ್ಥವಾಗಲಿ ಎಂಬುದು ನನ್ನ ಆಸೆ. ಏಕೆಂದರೆ ನಾನೂ ಓದಿದವಳಲ್ಲ.

ತಿರುಳು ಎಂದರೇನು?

ಕಂಪ್ಯೂಟರಿನಲ್ಲಿ ನಾವು ಮುಟ್ಟಬಹುದಾದ ಭಾಗಗಳಿಗೆ ಹಾರ್ಡ್‌ವೇರ್ ಎನ್ನುತ್ತೇವೆ. ಕನ್ನಡ ಪುಸ್ತಕಗಳಲ್ಲಿ ಇದಕ್ಕೆ ಯಂತ್ರಾಂಶ ಎಂಬ ಹೆಸರಿದೆ. ಕೀಲಿಮಣೆ, ಪರದೆ, ಪ್ರಿಂಟರ್, ಎಲ್ಲ ಲೆಕ್ಕ ಮಾಡುವ ಪ್ರಾಸೆಸರ್, ಇವೆಲ್ಲ ಯಂತ್ರಾಂಶಗಳು. ನಾವು ಬಳಸುವ ಆಟ, ಪತ್ರ ಬರೆಯುವ ಸಾಧನ, ಬ್ರೌಸರ್ ಮುಂತಾದವು ತಂತ್ರಾಂಶಗಳು. ಇವೆರಡರ ನಡುವೆ ನಿಂತು ಎಲ್ಲರಿಗೂ ಕೆಲಸ ಹಂಚುವ ಒಳಭಾಗವೇ ಕರ್ನಲ್. ಕನ್ನಡದಲ್ಲಿ ಇದನ್ನು ತಿರುಳು ಎನ್ನೋಣ. ತೆಂಗಿನಕಾಯಿಯ ತಿರುಳಿನಂತೆ ಇದು ಹೊರಗೆ ಕಾಣುವುದಿಲ್ಲ, ಆದರೆ ಕಾಯಿಯ ಬೆಲೆಯೆಲ್ಲ ಅದರಲ್ಲೇ ಇದೆ.

ಒಂದೊಂದು ಯಂತ್ರಕ್ಕೂ ಅದರದೇ ಆದ ಮಾತುಗಾರಿಕೆ ಇರುತ್ತದೆ. ಇಲ್ಲಿ ಕೊಲ್ಲಿಯಲ್ಲಿ ನಿಮ್ಮ ಅಪ್ಪ ಸರಕಾರಿ ಕಚೇರಿಗೆ ಹೋಗುವಾಗ ಅರಬ್ಬಿ ಬಲ್ಲ ಮಂದೂಬ್ ಜೊತೆಗಿದ್ದರೆ ಕೆಲಸ ಸಲೀಸಾಗುತ್ತದೆ ಅಲ್ಲವೇ? ಹಾಗೆಯೇ ತಿರುಳಿನ ಒಳಗೆ ಒಂದೊಂದು ಯಂತ್ರಕ್ಕೂ ಒಬ್ಬ ದುಭಾಷಿ ಇರುತ್ತಾನೆ. ಅದಕ್ಕೆ ಡ್ರೈವರ್ ಎಂದು ಹೆಸರು. ದುಭಾಷಿ ಇಲ್ಲದಿದ್ದರೆ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಮೂಕವಾಗುತ್ತದೆ. ನನ್ನ ತವರುಮನೆಯಲ್ಲಿ ಅಪ್ಪನ ಒಂದು ಪ್ರಿಂಟರ್ ಇದೆ. ಅದು ಕೆಟ್ಟಿಲ್ಲ. ಕಂಪ್ಯೂಟರ್ ಬದಲಾಯಿಸಿದ ಮೇಲೆ ಅದರ ಮಾತು ತಿಳಿಯುವವರು ಯಾರೂ ಇಲ್ಲ, ಅಷ್ಟೆ. ಈಗ ಅದರ ಮೇಲೆ ದೂರವಾಣಿ ಡೈರೆಕ್ಟರಿ ಇಟ್ಟಿದ್ದಾರೆ.

ಲಿನಕ್ಸ್ ತಿರುಳಿನ ಒಂದು ವಿಶೇಷವೆಂದರೆ ಅದರ ಮೂಲ ಬರಹ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಜಗತ್ತಿನ ಸಾವಿರಾರು ಜನ ಸೇರಿ ಅದನ್ನು ಬರೆಯುತ್ತಾರೆ. ಕೆಲವರು ಕಂಪೆನಿಗಳ ಸಂಬಳ ಪಡೆದು, ಕೆಲವರು ಬಿಡುವಿನ ವೇಳೆಯಲ್ಲಿ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಹುಟ್ಟಿದ ಮನೆ

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ಎಂಬ 21 ವರ್ಷದ ವಿದ್ಯಾರ್ಥಿ ಹೊಸದೊಂದು ಕಂಪ್ಯೂಟರ್ ಕೊಂಡುಕೊಂಡ. ಅದರಲ್ಲಿ ಇಂಟೆಲ್ ಕಂಪೆನಿ 1985ರಲ್ಲಿ ಹೊರತಂದಿದ್ದ 386 ಎಂಬ ಪ್ರಾಸೆಸರ್ ಇತ್ತು. ಆ ಯಂತ್ರವನ್ನು ಅರ್ಥಮಾಡಿಕೊಳ್ಳುವ ಆಸೆಯಿಂದಲೇ ಅವನು ತನ್ನದೇ ತಿರುಳು ಬರೆಯಲು ಕುಳಿತ. ಅದೇ ವರ್ಷ ಆಗಸ್ಟ್ 25ರಂದು ತನ್ನ ಪ್ರಯತ್ನದ ಸುದ್ದಿಯನ್ನು ಇತರರಿಗೆ ತಿಳಿಸಿದ. ಇದು ಬರೀ ಹವ್ಯಾಸ, ಬೇರೆ ಬಗೆಯ ಯಂತ್ರಗಳಲ್ಲಿ ಇದು ನಡೆಯುವಂಥದ್ದಲ್ಲ ಎಂಬ ಅರ್ಥದ ಮಾತನ್ನೂ ಆಗ ಬರೆದಿದ್ದ.

ಮೊದಲ ಆವೃತ್ತಿಯಲ್ಲಿ ಇದ್ದದ್ದು ಸುಮಾರು 10 ಸಾವಿರ ಸಾಲುಗಳು. 2025ರ ಹೊತ್ತಿಗೆ ತಿರುಳಿನ ಬರಹ 4 ಕೋಟಿ ಸಾಲುಗಳನ್ನು ದಾಟಿತು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಾನು ಮೇಲೆ ಹೇಳಿದ ದುಭಾಷಿಗಳದ್ದು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಳಗಿರುವುದು ಲಿನಕ್ಸ್ ತಿರುಳು. 2017ರ ನವೆಂಬರ್‌ನಿಂದೀಚೆಗೆ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಎಲ್ಲವೂ ಲಿನಕ್ಸಿನವೇ. ಬೇರೆ ಯಂತ್ರಗಳಲ್ಲಿ ನಡೆಯದು ಎಂದಿದ್ದ ಕೂಸು ಬೆಳೆದ ಪರಿ ನೋಡಿ!

386ಕ್ಕೆ ವಿದಾಯ

ಹೀಗೆ ಬೆಳೆದ ಲಿನಕ್ಸ್ ತಾನು ಹುಟ್ಟಿದ ಮನೆಯನ್ನೇ ಬಿಡಬೇಕಾಗಿ ಬಂತು. 2012ರ ಡಿಸೆಂಬರ್‌ನಲ್ಲಿ ಇಂಗೊ ಮೊಲ್ನಾರ್ ಎಂಬ ತಿರುಳು ಬರಹಗಾರರು 386ರ ಬೆಂಬಲವನ್ನು ತೆಗೆಯುವ ತಿದ್ದುಪಡಿ ಕಳುಹಿಸಿದರು. ಲಿನಸ್ ಅವರ ಮೊದಲ ಯಂತ್ರದಲ್ಲಿ ಇನ್ನು ಹೊಸ ಲಿನಕ್ಸ್ ಏಳಲಾರದು ಎಂದು ಅದರ ಜೊತೆಯಲ್ಲಿ ತಮಾಷೆಯಾಗಿ ಕಣ್ಣೀರನ್ನೂ ಹಾಕಿದ್ದರು. ಲಿನಸ್ ಮಾತ್ರ ತಾನು ಭಾವುಕನಲ್ಲ, ಹೋಗಲಿ ಬಿಡಿ ಎಂಬಂತೆ ಉತ್ತರಿಸಿ ಒಪ್ಪಿಕೊಂಡರು. 2013ರ ಫೆಬ್ರವರಿಯಲ್ಲಿ ಬಂದ 3.8ನೇ ಆವೃತ್ತಿಯಿಂದ 386 ಹೊರಗಾಯಿತು. ಅಷ್ಟು ಹೊತ್ತಿಗೆ ಇಂಟೆಲ್ ಆ ಪ್ರಾಸೆಸರ್ ತಯಾರಿಸುವುದನ್ನು ನಿಲ್ಲಿಸಿ ಐದು ವರ್ಷ ದಾಟಿತ್ತು.

ಇದ್ದರೆ ಇರಲಿ, ಯಾರಿಗೇನು ತೊಂದರೆ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ತೊಂದರೆ ಏನೆಂದು ಎರಡು ಉದಾಹರಣೆಗಳಿಂದ ನೋಡೋಣ.

ಮೊದಲನೆಯದು. ನಮ್ಮ ಕ್ರೀಡಾದಿನದಲ್ಲಿ ಅಂಕ ಬರೆಯುವ ಕಪ್ಪುಹಲಗೆಯನ್ನು ನೆನಪಿಸಿಕೊಳ್ಳಿ. ಒಂದು ತಂಡದ ಹೆಸರಿನ ಮುಂದೆ 40 ಎಂದಿದೆ. ಒಬ್ಬ ನಾಯಕ ಅದನ್ನು ನೋಡಿಕೊಂಡು 5 ಕೂಡಿಸಿ 45 ಬರೆಯಲು ಸೀಮೆಸುಣ್ಣ ಹುಡುಕುತ್ತಿದ್ದಾನೆ. ಅಷ್ಟರಲ್ಲಿ ಇನ್ನೊಬ್ಬಳು ಬಂದು 10 ಕೂಡಿಸಿ 50 ಮಾಡಿ ಹೋಗುತ್ತಾಳೆ. ಮೊದಲಿನವನು ತಿರುಗಿ ಬಂದು ಅದನ್ನು ಅಳಿಸಿ 45 ಬರೆಯುತ್ತಾನೆ. ಇರಬೇಕಾದದ್ದು 55, ಇರುವುದು 45! ಇದಕ್ಕೆ ಪರಿಹಾರವೇನು? "ಹಲಗೆಯಲ್ಲಿ ಈಗಲೂ 40 ಇದ್ದರೆ ಮಾತ್ರ 45 ಮಾಡು, ಇಲ್ಲವಾದರೆ ಮತ್ತೆ ನೋಡು" ಎಂಬ ನಿಯಮ. ನೋಡುವುದೂ ಬರೆಯುವುದೂ ಒಂದೇ ಉಸಿರಿನಲ್ಲಿ ಆಗಬೇಕು, ನಡುವೆ ಯಾರೂ ನುಗ್ಗಬಾರದು. ಹೀಗೆ ಹೋಲಿಸಿ ಬದಲಿಸುವ ಒಂದೇ ಆಜ್ಞೆ 1989ರಲ್ಲಿ ಬಂದ 486 ಪ್ರಾಸೆಸರಿನಲ್ಲಿ ಇದೆ, 386ರಲ್ಲಿ ಇಲ್ಲ. ಹಲವು ಕೆಲಸಗಳು ಏಕಕಾಲದಲ್ಲಿ ನಡೆಯುವ ಇಂದಿನ ಯಂತ್ರಗಳಿಗೆ ಈ ಆಜ್ಞೆ ಅನ್ನದಷ್ಟು ಅಗತ್ಯ. ಆದ್ದರಿಂದ 386ಕ್ಕಾಗಿ ಪ್ರತ್ಯೇಕವಾಗಿ ಸುತ್ತುಬಳಸಿನ ದಾರಿಯೊಂದನ್ನು ಬರೆದಿಡಬೇಕಾಗಿತ್ತು.

ಎರಡನೆಯದು. ಕಂಪ್ಯೂಟರಿನ ನೆನಪಿನ ಕೆಲವು ಪುಟಗಳಿಗೆ "ಓದಲು ಮಾತ್ರ, ಬರೆಯಬಾರದು" ಎಂಬ ಗುರುತು ಹಾಕಬಹುದು. ಸಾಮಾನ್ಯ ತಂತ್ರಾಂಶ ಅಲ್ಲಿ ಬರೆಯಹೋದರೆ 386 ತಡೆಯುತ್ತಿತ್ತು. ಆದರೆ ತಿರುಳೇ ಬರೆಯಹೋದರೆ ತಡೆಯುತ್ತಿರಲಿಲ್ಲ. ದೊಡ್ಡವರು ತಪ್ಪು ಮಾಡುವುದಿಲ್ಲ ಎಂಬ ನಂಬಿಕೆಯೋ ಏನೋ! 486ರಲ್ಲಿ ತಿರುಳನ್ನೂ ತಡೆಯುವ ವ್ಯವಸ್ಥೆ ಬಂತು. 386 ಇರುವವರೆಗೆ ತಿರುಳು ಬರೆಯುವ ಮುನ್ನ ತಾನೇ ಪರೀಕ್ಷಿಸಿಕೊಳ್ಳಬೇಕಾಗಿತ್ತು.

ಯಾರೋ ಒಬ್ಬರು ಹೊಸದೇನನ್ನಾದರೂ ಬರೆಯುವಾಗಲೆಲ್ಲ "ಇದು 386ರಲ್ಲಿ ನಡೆಯುತ್ತದೆಯೇ?" ಎಂದು ಯೋಚಿಸಬೇಕು. ಯೋಚಿಸಿದರೆ ಸಾಲದು, ನಡೆಸಿ ನೋಡಬೇಕು. ನಡೆಸಿ ನೋಡಲು ಯಂತ್ರವೇ ಸಿಗದಿದ್ದರೆ? ನಡೆಯುತ್ತದೆ ಎಂದು ನಂಬಿ ಮುಂದೆ ಹೋಗಬೇಕು. ಪರೀಕ್ಷಿಸದ ಬರಹ ಹಾಗೇ ಉಳಿದರೆ ಅದರಲ್ಲಿ ದೋಷಗಳು ಅಡಗಿರುತ್ತವೆ. ಕೆಲವು ದೋಷಗಳ ಮೂಲಕ ಕಳ್ಳರೂ ಒಳಗೆ ಬರಬಹುದು. ಬಳಸದೆ ಬಿಟ್ಟ ಹಿತ್ತಲ ಬಾಗಿಲಿನ ಚಿಲಕ ತುಕ್ಕು ಹಿಡಿದಂತೆ ಇದು.

ವಯಸ್ಸೊಂದೇ ಕಾರಣವೇ?

ಹಾಗಾದರೆ ಹಳೆಯದೆಲ್ಲ ಹೋಗಬೇಕೇ? ಇಲ್ಲಿಯೇ ನಮ್ಮ ಹುಡುಗನ ಪ್ರಶ್ನೆಗೆ ಉತ್ತರ ಸಿಗತೊಡಗುತ್ತದೆ. ಮೂರು ಯಂತ್ರಕುಟುಂಬಗಳ ಕಥೆ ಕೇಳಿ.

ಒಂದು, ಇಟಾನಿಯಂ. ಇಂಟೆಲ್ ಮತ್ತು ಹ್ಯೂಲೆಟ್ ಪ್ಯಾಕರ್ಡ್ ಕಂಪೆನಿಗಳು ಸೇರಿ ರೂಪಿಸಿದ ಈ ಪ್ರಾಸೆಸರ್ 2001ರಲ್ಲಿ ಮಾರುಕಟ್ಟೆಗೆ ಬಂತು. ಮುಂದಿನ ಕಾಲವೆಲ್ಲ ಇದರದೇ ಎಂದು ಹಲವರು ನಂಬಿದ್ದರು. ನಂಬಿಕೆ ನಿಜವಾಗಲಿಲ್ಲ. 2021ರ ಆರಂಭದಲ್ಲಿ ಲಿನಕ್ಸಿನಲ್ಲಿ ಇಟಾನಿಯಂ ಭಾಗ ಕೆಟ್ಟಿತ್ತು. ಅದನ್ನು ಹೊತ್ತು ನಡೆಸುವವರು ಉಳಿದಿರಲಿಲ್ಲವಾದ್ದರಿಂದ ಲಿನಸ್ ಅದನ್ನು ಅನಾಥ ಎಂದು ಗುರುತು ಮಾಡಿದರು. ಮೂರು ವರ್ಷ ಕಳೆದು, 2024ರ ಜನವರಿಯಲ್ಲಿ ಬಂದ 6.7ನೇ ಆವೃತ್ತಿಯಲ್ಲಿ ಅದು ಇರಲಿಲ್ಲ.

ಎರಡು, ಎನ್‌ಡಿಎಸ್32. ಇದು 2018ರಲ್ಲಿ 4.17ನೇ ಆವೃತ್ತಿಯ ಮೂಲಕ ಲಿನಕ್ಸಿಗೆ ಹೊಸದಾಗಿ ಸೇರಿತು. 2022ರಲ್ಲಿ 5.18ನೇ ಆವೃತ್ತಿಯಲ್ಲಿ ಹೊರಗೆ ಹೋಯಿತು. ಬಂದದ್ದೂ ಹೋದದ್ದೂ ನಾಲ್ಕೇ ವರ್ಷದಲ್ಲಿ!

ಮೂರು, ಮೊಟೊರೋಲಾ 68000 ಕುಟುಂಬ. ಇದರ ಮೊದಲ ಪ್ರಾಸೆಸರ್ ಬಂದದ್ದು 1979ರಲ್ಲಿ. ಅಮಿಗಾ, ಅಟಾರಿ ಮತ್ತು ಹಳೆಯ ಮ್ಯಾಕಿಂಟಾಷ್ ಕಂಪ್ಯೂಟರುಗಳಲ್ಲಿ ಇದ್ದದ್ದು ಈ ಕುಟುಂಬದ ಪ್ರಾಸೆಸರುಗಳೇ. ಅಂಗಡಿಗಳಿಂದ ಅವು ಮಾಯವಾಗಿ ದಶಕಗಳೇ ಆಗಿವೆ. ಆದರೂ 2025ರಲ್ಲಿಯೂ ಈ ಕುಟುಂಬದ 68020 ಮತ್ತು ಅದಕ್ಕಿಂತ ಮೇಲಿನ ಪ್ರಾಸೆಸರುಗಳಿಗೆ ಲಿನಕ್ಸ್ ತಿರುಳಿನಲ್ಲಿ ಜಾಗವಿತ್ತು.

386 ಹೋಯಿತು, ಅದಕ್ಕಿಂತ 16 ವರ್ಷ ಚಿಕ್ಕದಾದ ಇಟಾನಿಯಂ ಹೋಯಿತು, ತೀರ ಎಳೆಯದಾದ ಎನ್‌ಡಿಎಸ್32 ಕೂಡ ಹೋಯಿತು. ಎಲ್ಲರಿಗಿಂತ ಹಿರಿಯದು ಉಳಿಯಿತು. ಏಕೆ? ಉತ್ತರ ಸರಳ. 68000 ಕುಟುಂಬದ ಯಂತ್ರಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಇದ್ದಾರೆ. ಅವರು ಪ್ರತಿ ಹೊಸ ಆವೃತ್ತಿಯನ್ನು ಅವುಗಳ ಮೇಲೆ ನಡೆಸಿ ನೋಡುತ್ತಾರೆ, ಕೆಟ್ಟರೆ ತಾವೇ ತಿದ್ದಿ ಕಳುಹಿಸುತ್ತಾರೆ, ಇತರರಿಗೆ ಹೊರೆಯಾಗದಂತೆ ನೋಡಿಕೊಳ್ಳುತ್ತಾರೆ. ತಿರುಳಿನ ಮನೆಯಲ್ಲಿ ಜಾಗ ಸಿಗುವುದು ವಯಸ್ಸಿನ ಲೆಕ್ಕದಿಂದಲ್ಲ, ನೋಡಿಕೊಳ್ಳುವ ಕೈಗಳ ಲೆಕ್ಕದಿಂದ.

ಒಂದು ಪಟ್ಟಿ, ಐದು ಪದಗಳು

ಲಿನಕ್ಸ್ ತಿರುಳಿನ ಜೊತೆಯಲ್ಲಿ ಒಂದು ದೊಡ್ಡ ಪಟ್ಟಿ ಇದೆ. ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಅದರಲ್ಲಿ ಬರೆದಿರುತ್ತದೆ. ನಮ್ಮ ಶಾಲೆಯ ಹಾಜರಿ ಪುಸ್ತಕ ಇದ್ದಂತೆ. ಪ್ರತಿ ಭಾಗದ ಸ್ಥಿತಿಯನ್ನು ತಿಳಿಸಲು ಅದರಲ್ಲಿ ಐದು ಪದಗಳನ್ನು ಬಳಸುತ್ತಾರೆ. ಭಾಷಾ ಶಿಕ್ಷಕಿಯಾದ ನನಗೆ ಈ ಪಟ್ಟಿ ತುಂಬ ಹಿಡಿಸಿತು. ಆ ಪದಗಳ ಅರ್ಥ ಹೀಗೆ:

1. ಸಪೋರ್ಟೆಡ್ – ಇದನ್ನು ನೋಡಿಕೊಳ್ಳಲು ಸಂಬಳ ಪಡೆಯುವವರು ಇದ್ದಾರೆ.
2. ಮೇಂಟೇನ್ಡ್ – ಸಂಬಳವಿರಲಿ ಬಿಡಲಿ, ನಿಜವಾಗಿ ನೋಡಿಕೊಳ್ಳುವವರು ಇದ್ದಾರೆ.
3. ಆಡ್ ಫಿಕ್ಸಸ್ – ನೋಡಿಕೊಳ್ಳುವವರು ಇದ್ದಾರೆ, ಆದರೆ ಅವರಿಗೆ ಹೆಚ್ಚು ಸಮಯವಿಲ್ಲ. ಆಗೊಮ್ಮೆ ಈಗೊಮ್ಮೆ ರಿಪೇರಿ.
4. ಆರ್ಫನ್ – ಅನಾಥ. ಯಾರೂ ಇಲ್ಲ. ನೀವು ಬರುವಿರಾ?
5. ಆಬ್ಸೊಲೀಟ್ – ಹಳೆಯ ಬರಹ. ಇದರ ಜಾಗಕ್ಕೆ ಇದಕ್ಕಿಂತ ಒಳ್ಳೆಯದು ಬಂದಿದೆ, ಅದನ್ನು ಬಳಸಿ.

ಐದನೆಯ ಪದವನ್ನು ಓದಿದಾಗ ನಮ್ಮ ಹುಡುಗನ ಅಜ್ಜಿ ನೆನಪಾದರು. ಹಳೆಯದು ಎಂದರೆ ಕಾಲ ಕಳೆದದ್ದು. ಆಬ್ಸೊಲೀಟ್ ಎಂದರೆ ಅದರ ಕೆಲಸವನ್ನು ಇನ್ನೊಂದು ಮಾಡುತ್ತಿರುವುದರಿಂದ ಬಳಕೆ ತಪ್ಪಿದ್ದು. ಹುಡುಗ ಹೇಳಿದ್ದು ಸರಿ. ಅಜ್ಜಿಯ ಜಾಗಕ್ಕೆ ಬೇರೊಬ್ಬರು ಬರಲಾರರು.

ನಾಲ್ಕನೆಯ ಪದಕ್ಕೆ ಒಂದು ಒಳ್ಳೆಯ ಉದಾಹರಣೆ ಫ್ಲಾಪಿ. ಹಿಂದೆ ಕಡತಗಳನ್ನು ತುಂಬಿಡುತ್ತಿದ್ದ ಚೌಕದ ತಟ್ಟೆ ಅದು. ನೀವು ನೋಡಿರಲಾರಿರಿ, ನಿಮ್ಮ ಅಪ್ಪ ಅಮ್ಮ ನೋಡಿರುತ್ತಾರೆ. 2019ರಲ್ಲಿ ಲಿನಕ್ಸಿನ ಫ್ಲಾಪಿ ಡ್ರೈವರನ್ನು ನೋಡಿಕೊಳ್ಳುತ್ತಿದ್ದವರು ತಮ್ಮ ಬಳಿ ಕೆಲಸ ಮಾಡುವ ಫ್ಲಾಪಿ ಯಂತ್ರವೇ ಇಲ್ಲವೆಂದರು. ಲಿನಸ್ ಅದನ್ನು ಅನಾಥ ಎಂದು ಗುರುತು ಮಾಡಿದರು. ಆದರೆ ಕಿತ್ತುಹಾಕಲಿಲ್ಲ. ಆ ಮೇಲೆ ಇನ್ನೊಬ್ಬ ಸ್ವಯಂಸೇವಕರು ಮುಂದೆ ಬಂದು ಅದನ್ನು ವಹಿಸಿಕೊಂಡರು. ಅನಾಥ ಎಂದು ಬರೆಯುವುದು ಶಿಕ್ಷೆಯಲ್ಲ, ಕೂಗಿ ಕರೆಯುವುದು ಎಂದು ನಾನು ಅರ್ಥಮಾಡಿಕೊಂಡೆ.

ತೆಗೆಯುವುದಕ್ಕೂ ಒಂದು ರೀತಿ ಇದೆ

ಲಿನಸ್ ಅವರು ಬಹಳ ಕಟ್ಟುನಿಟ್ಟಾಗಿ ಪಾಲಿಸುವ ಒಂದು ನಿಯಮವಿದೆ. ಹೊಸ ಆವೃತ್ತಿ ಬಂದಾಗ ಬಳಸುವವರ ಕೆಲಸ ಕೆಡಬಾರದು. ಹೀಗಿರುವಾಗ ಹಳೆಯ ಯಂತ್ರದ ಬೆಂಬಲವನ್ನು ತೆಗೆಯುವುದು ಹೇಗೆ? ಅದಕ್ಕೆ ಹಂತಗಳಿವೆ.

ಮೊದಲು ಹುಡುಕುತ್ತಾರೆ. ಈ ಭಾಗವನ್ನು ಕೊನೆಯ ಬಾರಿ ಯಾರು ನಿಜವಾಗಿ ತಿದ್ದಿದರು, ಬಳಸಿದ ಸುದ್ದಿ ಯಾವಾಗ ಬಂದಿತ್ತು ಎಂದು ಹಳೆಯ ದಾಖಲೆ ತೆಗೆದು ನೋಡುತ್ತಾರೆ. ಅನಂತರ ಕೇಳುತ್ತಾರೆ. ತಯಾರಿಸಿದ ಕಂಪೆನಿಯನ್ನು, ಹಿಂದೆ ನೋಡಿಕೊಂಡವರನ್ನು, ಎಲ್ಲ ಬಳಕೆದಾರರನ್ನು. ಆಮೇಲೆ ಕಾಯುತ್ತಾರೆ. ಯಾರೂ ಬರದಿದ್ದರೆ ತೆಗೆಯುತ್ತಾರೆ.

2018ರಲ್ಲಿ ಆರ್ಂಡ್ ಬರ್ಗ್‌ಮನ್ ಎಂಬುವರು ಹೀಗೆ ಕೇಳಿ ವಿಚಾರಿಸಿ, 4.17ನೇ ಆವೃತ್ತಿಯಲ್ಲಿ ಒಟ್ಟಿಗೆ ಎಂಟು ಪ್ರಾಸೆಸರ್ ಕುಟುಂಬಗಳ ಬೆಂಬಲವನ್ನು ತೆಗೆದರು. ಬ್ಲ್ಯಾಕ್‌ಫಿನ್, ಕ್ರಿಸ್, ಟೈಲ್ ಮುಂತಾದ ಹೆಸರುಗಳು ಅವು. ಸುಮಾರು 5 ಲಕ್ಷ ಸಾಲುಗಳು ಕಡಿಮೆಯಾದವು! ಸದಾ ಹಿಗ್ಗುವ ತಿರುಳು ಆ ಬಾರಿ ಅಪರೂಪಕ್ಕೆ ಕುಗ್ಗಿತು.

ತೆಗೆದದ್ದು ಸುಟ್ಟು ಬೂದಿಯಾಗುವುದಿಲ್ಲ. ತಿರುಳಿನ ಪ್ರತಿಯೊಂದು ತಿದ್ದುಪಡಿಯೂ ಗಿಟ್ ಎಂಬ ದಾಖಲೆ ವ್ಯವಸ್ಥೆಯಲ್ಲಿ ಉಳಿದಿರುತ್ತದೆ. ಇದನ್ನು 2005ರಲ್ಲಿ ಲಿನಸ್ ಅವರೇ ರೂಪಿಸಿದರು. ಹಳೆಯ ಆವೃತ್ತಿಗಳನ್ನು ಇಂದಿಗೂ ಇಳಿಸಿಕೊಳ್ಳಬಹುದು. 386 ಇರುವವರು 3.7ನೇ ಆವೃತ್ತಿಯಲ್ಲಿಯೇ ಇರಬಹುದು. ಕೆಲವು ಆವೃತ್ತಿಗಳನ್ನು ದೀರ್ಘಾವಧಿಯವು ಎಂದು ಆರಿಸಿ ಕೆಲವು ವರ್ಷ ದೋಷ ತಿದ್ದುತ್ತಾ ಬರುವ ಪದ್ಧತಿಯೂ ಇದೆ. ಹೀಗಾಗಿ ಬೆಂಬಲ ಹೋದ ದಿನವೇ ಯಂತ್ರ ನಿಂತುಹೋಗುವುದಿಲ್ಲ, ಮನೆ ಬದಲಾಯಿಸಲು ಕಾಲಾವಕಾಶ ಸಿಗುತ್ತದೆ.

ಹೋದದ್ದು ತಿರುಗಿ ಬಂದದ್ದೂ ಉಂಟು. ಹಿಟಾಚಿ ಕಂಪೆನಿಯ ಎಚ್8/300 ಎಂಬ ಪ್ರಾಸೆಸರಿನ ಬೆಂಬಲವನ್ನು 3.13ನೇ ಆವೃತ್ತಿಯಲ್ಲಿ ತೆಗೆದಿದ್ದರು. ಅದನ್ನು ನೋಡಿಕೊಳ್ಳುವವರು ಹೊಸದಾಗಿ ಬರೆದು ತಂದಾಗ 2015ರಲ್ಲಿ 4.2ನೇ ಆವೃತ್ತಿಗೆ ಮತ್ತೆ ಸೇರಿಸಿಕೊಂಡರು. ಕಾಲಕ್ರಮದಲ್ಲಿ ಮತ್ತೆ ಕೈಗಳು ಕಡಿಮೆಯಾದವು, 2022ರಲ್ಲಿ 5.19ನೇ ಆವೃತ್ತಿಯಲ್ಲಿ ಮತ್ತೊಮ್ಮೆ ಹೋಯಿತು. ಬಾಗಿಲು ಮುಚ್ಚಿತ್ತೇ ಹೊರತು ಬೀಗ ಹಾಕಿರಲಿಲ್ಲ.

ನಷ್ಟ ಯಾರಿಗೆ?

ಇಷ್ಟೆಲ್ಲ ರೀತಿ ನೀತಿ ಇದ್ದರೂ ನಷ್ಟವೇ ಇಲ್ಲ ಎನ್ನಲಾಗದು. ಕೇಳಿದ ಪ್ರಶ್ನೆ ಎಲ್ಲರಿಗೂ ತಲುಪುವುದಿಲ್ಲ. ಯಾವುದೋ ಕಾರ್ಖಾನೆಯ ಮೂಲೆಯಲ್ಲಿ, ಯಾವುದೋ ಪ್ರಯೋಗಾಲಯದಲ್ಲಿ ಹಳೆಯ ಯಂತ್ರವೊಂದು ಸದ್ದಿಲ್ಲದೆ ಕೆಲಸ ಮಾಡುತ್ತಿರಬಹುದು. ಅದರ ಮುಂದೆ ಕುಳಿತವರಿಗೆ ತಿರುಳು ಎಂದರೇನೆಂದೇ ಗೊತ್ತಿರಲಿಕ್ಕಿಲ್ಲ. ಇಟಾನಿಯಂ ತೆಗೆಯುವಾಗಲೂ ತಾವು ಇನ್ನೂ ಬಳಸುತ್ತಿದ್ದೇವೆ ಎಂದು ದನಿ ಎತ್ತಿದ ಕೆಲವು ಆಸಕ್ತರು ಇದ್ದರು. ಕೆಟ್ಟಿರದ ಯಂತ್ರ ಕಸವಾದರೆ ಭೂಮಿಗೂ ಭಾರ.

ಆದರೆ ಬೇರೆಡೆಯ ಲೆಕ್ಕವನ್ನೂ ನೋಡಬೇಕು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ರ ನಿಯಮಗಳ ಪ್ರಕಾರ ಏಳೆಂಟು ವರ್ಷ ಹಳೆಯದಾದ ಎಷ್ಟೋ ಒಳ್ಳೆಯ ಕಂಪ್ಯೂಟರುಗಳು ಅದಕ್ಕೆ ಅರ್ಹವಲ್ಲ. ಲಿನಕ್ಸಿನಲ್ಲಿ 1989ರ 486 ಪ್ರಾಸೆಸರನ್ನು ಬಿಡೋಣವೇ ಎಂಬ ಮಾತನ್ನು ಲಿನಸ್ ಎತ್ತಿದ್ದು 2022ರ ಅಕ್ಟೋಬರ್‌ನಲ್ಲಿ. ಅದಕ್ಕೆ ಬೇಕಾದ ತಿದ್ದುಪಡಿಗಳನ್ನು ಇಂಗೊ ಮೊಲ್ನಾರ್ ಕಳುಹಿಸಿದ್ದು 2025ರ ಏಪ್ರಿಲ್‌ನಲ್ಲಿ. ಒಂದು ಪ್ರಾಸೆಸರಿಗೆ 30 ವರ್ಷಕ್ಕೂ ಮೀರಿದ ಆಯುಸ್ಸು! ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಎಸೆಯುವ ಮುನ್ನ ಪೋಷಕರು ಈ ವಿಷಯವನ್ನು ಒಮ್ಮೆ ಯೋಚಿಸಬಹುದು.

ನಮ್ಮ ಅಕ್ಷರಮಾಲೆಯಲ್ಲೊಂದು ಉದಾಹರಣೆ

ಕನ್ನಡ ಪಾಠದಲ್ಲಿ ಕನ್ನಡವೇ ಬರದಿದ್ದರೆ ಹೇಗೆ? ಬಳಕೆ ತಪ್ಪಿದವುಗಳು ನಮ್ಮ ಅಕ್ಷರಮಾಲೆಯಲ್ಲೂ ಇವೆ. ಹಳಗನ್ನಡದಲ್ಲಿ ೞ ಮತ್ತು ಱ ಎಂಬ ಎರಡು ಅಕ್ಷರಗಳಿದ್ದವು. 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣ ವ್ಯಾಕರಣದಲ್ಲಿ ೞಕಾರವುಳ್ಳ ಪದಗಳ ವಿಚಾರವನ್ನು ಚರ್ಚಿಸಿದ್ದಾನೆ. ಜನರ ನಾಲಗೆಯಲ್ಲಿ ಈ ಧ್ವನಿಗಳ ವ್ಯತ್ಯಾಸ ಅಳಿಸಿತು. ೞ ಬಹುಪಾಲು ಕಡೆ ಳ ಆಯಿತು, ಱ ರ ಆಯಿತು. ಏೞು ಏಳಾಯಿತು, ಬಾೞೆ ಬಾಳೆಯಾಯಿತು. ಪೞೆಯ ಎಂಬುದು ಹಳೆಯ ಆಯಿತು. ನೋಡಿದಿರಾ, ಹಳೆಯ ಎಂಬ ಪದದೊಳಗೇ ಒಂದು ಬಳಕೆ ತಪ್ಪಿದ ಅಕ್ಷರ ಅಡಗಿತ್ತು!

ಇಂದು ಮಕ್ಕಳಿಗೆ ಆ ಎರಡು ಅಕ್ಷರಗಳನ್ನು ತಿದ್ದಿಸುವುದಿಲ್ಲ. ಅದರಿಂದ ಕಲಿಯುವ ಹೊರೆ ಕಡಿಮೆಯಾಯಿತು. ಆದರೆ ಅವುಗಳನ್ನು ಮರೆತಿದ್ದರೆ ನಮ್ಮ ಶಾಸನಗಳನ್ನು ಓದುವವರು ಯಾರೂ ಇರುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಈ ಎರಡಕ್ಕೂ ಜಾಗವಿದೆ. ಆ ಪಟ್ಟಿಗೆ ಸೇರಿದ ಅಕ್ಷರವನ್ನು ಎಂದಿಗೂ ತೆಗೆಯಬಾರದೆಂಬುದು ಅದರ ನಿಯಮ. ತಮಾಷೆಯೆಂದರೆ ೞ ಅಕ್ಷರಕ್ಕೆ ಅಲ್ಲಿ ತಪ್ಪಾಗಿ ಫ ಎಂಬರ್ಥದ ಹೆಸರು ಬಿದ್ದಿದೆ. ಹೆಸರನ್ನೂ ಬದಲಿಸಬಾರದಾದ್ದರಿಂದ, ಸರಿಯಾದ ಹೆಸರನ್ನು ಪಕ್ಕದಲ್ಲಿ ಬರೆದಿದ್ದಾರೆ ಅಷ್ಟೆ. ಬಳಕೆಯಿಂದ ಬಿಡುವುದು ಒಂದು, ದಾಖಲೆಯಿಂದ ಅಳಿಸುವುದು ಇನ್ನೊಂದು. ಲಿನಕ್ಸಿನವರು ಮಾಡುವುದೂ ಮೊದಲನೆಯದನ್ನೇ.

ಇನ್ನೊಂದು ಮಾತು. ಬಾೞೆಯಲ್ಲಿದ್ದ ಆ ಧ್ವನಿ ಕೇಳಬೇಕೆಂದರೆ ದೂರ ಹೋಗಬೇಕಾಗಿಲ್ಲ. ನಿಮ್ಮ ಪಕ್ಕದ ಬೆಂಚಿನ ತಮಿಳು ಅಥವಾ ಮಲಯಾಳಂ ಮಾತಾಡುವ ಗೆಳೆಯನನ್ನು ಏಳು ಎಂಬ ಸಂಖ್ಯೆಯನ್ನು ಹೇಳಲು ಕೇಳಿ. ನಾವು ಬಿಟ್ಟದ್ದನ್ನು ಅವರು ನೋಡಿಕೊಂಡು ಬಂದಿದ್ದಾರೆ.

ನಮ್ಮ ಹೆಸರಿನ ಮುಂದೆ ಯಾವ ಪದ?

ಈಗ ಪೋಷಕರಲ್ಲಿ ಒಂದು ಮಾತು. ಮುಂದಿನ ವರ್ಷದ ಆರನೇ ತರಗತಿಗೆ ಎರಡನೇ ಭಾಷೆಯಾಗಿ ಕನ್ನಡವನ್ನು ಆರಿಸಿಕೊಂಡವರು ಇದುವರೆಗೆ ಏಳು ಮಕ್ಕಳು. ನಮ್ಮ ಮಕ್ಕಳಲ್ಲಿ ಹಲವರ ಮನೆಮಾತು ತುಳು, ಕೊಂಕಣಿ ಇಲ್ಲವೇ ಬ್ಯಾರಿ. ಕನ್ನಡ ಓದಿ ಇಲ್ಲಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ನಾನು ಅವರ ಮೇಲೆ ಬೇಸರಪಡುವುದಿಲ್ಲ. ಅಂಕಗಳ ಚಿಂತೆ, ಮುಂದೆ ಯಾವ ದೇಶಕ್ಕೆ ಹೋಗುವೆವೋ ಎಂಬ ಚಿಂತೆ ಎಲ್ಲರಿಗೂ ಇದೆ. ನೋಡಿಕೊಳ್ಳುವವರಿಲ್ಲದ ತರಗತಿಯನ್ನು ಯಾವ ಶಾಲೆಯೂ ಬಹಳ ಕಾಲ ನಡೆಸಲಾರದು ಎಂಬುದನ್ನು ಲಿನಕ್ಸ್ ಪಾಠವೇ ನನಗೆ ಕಲಿಸಿದೆ.

ಆದರೆ ಅದೇ ಪಾಠ ಇನ್ನೊಂದನ್ನೂ ಕಲಿಸಿತು. 1979ರ ಪ್ರಾಸೆಸರ್ ಕುಟುಂಬವನ್ನು ಉಳಿಸಿದ್ದು ದೊಡ್ಡ ಕಂಪೆನಿಯಲ್ಲ, ಬೆರಳೆಣಿಕೆಯ ಜನ. ಅವರು ಭಾಷಣ ಮಾಡಲಿಲ್ಲ. ಪ್ರತಿ ಆವೃತ್ತಿ ಬಂದಾಗಲೂ ಯಂತ್ರವನ್ನು ಹಚ್ಚಿ ನೋಡಿದರು. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಕನ್ನಡ ಓದಿಸುವುದು, ಊರಿನ ಅಜ್ಜಿಗೆ ವಾರಕ್ಕೊಮ್ಮೆ ಮಗುವಿನ ಕೈಯಿಂದ ಕನ್ನಡದಲ್ಲಿ ಒಂದು ಸಂದೇಶ ಬರೆಸುವುದು, ಇವೂ ಯಂತ್ರ ಹಚ್ಚಿ ನೋಡುವ ಕೆಲಸಗಳೇ. ಕೋಟಿಗಟ್ಟಲೆ ಜನರಾಡುವ ಕನ್ನಡ ಅನಾಥವಲ್ಲ. ಆದರೆ ಈ ಊರಿನಲ್ಲಿ, ನಮ್ಮ ಶಾಲೆಯ ಪಟ್ಟಿಯಲ್ಲಿ, ಅದರ ಮುಂದೆ ಎರಡನೆಯ ಪದ ಬರೆಯಬೇಕೋ ಮೂರನೆಯದೋ ನಾಲ್ಕನೆಯದೋ ಎಂಬುದು ನಮ್ಮ ಕೈಯಲ್ಲಿದೆ.

ಪ್ರಶ್ನೆ ಕೇಳಿದ ಹುಡುಗನಿಗೆ ಕೊನೆಗೂ ಉತ್ತರ ಹೇಳಿದೆ: "ಆಬ್ಸೊಲೀಟ್ ಅಂದರೆ ಬಳಕೆ ತಪ್ಪಿದ." ಅವನು ಪುಸ್ತಕದಲ್ಲಿ ಬರೆದುಕೊಂಡು, "ಹಾಗಾದ್ರೆ ಬಳಸಿದ್ರೆ ತಪ್ಪಲ್ಲ ಅಲ್ವಾ ಮಿಸ್?" ಎಂದ. ಅವನು ಯಾವ ಅರ್ಥದಲ್ಲಿ ಕೇಳಿದನೋ, ನಾನು ಮಾತ್ರ ಹೌದು ಎಂದೆ.

ಪದಗಳ ಅರ್ಥ

ತಿರುಳು – ಒಳಗಿನ ಸಾರಭಾಗ, ಇಲ್ಲಿ ಕರ್ನಲ್
ದುಭಾಷಿ – ಎರಡು ಭಾಷೆ ಬಲ್ಲವನು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸುವವನು
ಆವೃತ್ತಿ – ತಿದ್ದಿ ಹೊರತಂದ ಹೊಸ ರೂಪ
ಬಳಕೆ ತಪ್ಪು – ಉಪಯೋಗದಿಂದ ಹೊರಗಾಗು
ಬೀಳ್ಕೊಡು – ಕಳುಹಿಸಿಕೊಡು, ವಿದಾಯ ಹೇಳು

ಅಭ್ಯಾಸ

1. ಹೋಲಿಸಿ ಬದಲಿಸುವ ಆಜ್ಞೆ ಏಕೆ ಬೇಕು? ಕ್ರೀಡಾದಿನದ ಉದಾಹರಣೆಯಿಂದ ವಿವರಿಸಿ.
2. ಇಟಾನಿಯಂ ಹೋಗಿ 68000 ಕುಟುಂಬ ಉಳಿಯಲು ಕಾರಣವೇನು?
3. ಅನಾಥ ಮತ್ತು ಬಳಕೆ ತಪ್ಪಿದ, ಈ ಎರಡು ಸ್ಥಿತಿಗಳ ವ್ಯತ್ಯಾಸವನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ.
4. ಎಚ್8/300ರ ಕಥೆಯನ್ನು ನಿಮ್ಮ ಮಾತಿನಲ್ಲಿ ಹೇಳಿ.
5. ಚಟುವಟಿಕೆ: ನಿಮ್ಮ ಮನೆಯಲ್ಲಿರುವ ಅತ್ಯಂತ ಹಳೆಯ ಯಂತ್ರ ಯಾವುದು? ಅದನ್ನು ಯಾರು ನೋಡಿಕೊಳ್ಳುತ್ತಾರೆ? ಅಜ್ಜ ಅಜ್ಜಿಯನ್ನು ಅಥವಾ ಅಪ್ಪ ಅಮ್ಮನನ್ನು ಕೇಳಿ ಹತ್ತು ಸಾಲು ಬರೆದು ತನ್ನಿ. ಕನ್ನಡದಲ್ಲಿ!